ಕಿಂಗ್ಸ್ಲಿಯ ಪತ್ರವನ್ನು ಬಿಡಬೇಡಿ
ಡಾರ್ವಿನ್ನರನ್ನು ಚರ್ಚು ಒಟ್ಟಾಗಿ ವಿರೋಧಿಸಿತು ಎಂದು ನಿಮ್ಮ ಲೇಖನ ಹೇಳುತ್ತದೆ. ಹಾಗಾಗಲಿಲ್ಲ ಸರ್. ಜೀವಿಗಳು ವಿಕಾಸಗೊಂಡು ಬಂದವು ಎನ್ನುವ ಅವರ ಪುಸ್ತಕ ‘ಆರಿಜಿನ್ ಆಫ್ ಸ್ಪೀಶೀಸ್’ ಹೊರಬಂದದ್ದು 1859ರ ನವೆಂಬರ್ 24ಕ್ಕೆ. ಅದಕ್ಕೂ ಆರು ದಿನ ಮೊದಲೇ, ಮುಂಗಡ ಪ್ರತಿ ಸಿಕ್ಕಿದ್ದ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ ಮೆಚ್ಚಿ ಪತ್ರ ಬರೆದಿದ್ದರು: ತಾವಾಗಿ ಬೆಳೆದು ಬದಲಾಗಬಲ್ಲ ಕೆಲವೇ ಮೂಲರೂಪಗಳನ್ನು ದೇವರು ಸೃಷ್ಟಿಸಿದ ಎಂದುಕೊಂಡರೂ ಅವನ ಹಿರಿಮೆಗೆ ಕುಂದಿಲ್ಲ ಎಂಬುದು ಅದರ ಸಾರ. 1860ರ ಎರಡನೇ ಆವೃತ್ತಿಗೆ ಡಾರ್ವಿನ್ ಆ ಮಾತನ್ನು, ಬರೆದವರ ಹೆಸರು ಹೇಳದೆ, ಸೇರಿಸಿಕೊಂಡರು. ಪುಸ್ತಕದ ಕೊನೆಯ ವಾಕ್ಯವನ್ನೂ ಗಮನಿಸಿ. ಮೊದಲ ಆವೃತ್ತಿಯಲ್ಲಿ ಜೀವ ‘ಊದಲ್ಪಟ್ಟಿತು’, ಅಷ್ಟೇ. ಎರಡನೆಯದರಲ್ಲಿ ಊದಿದವನು ‘ಸೃಷ್ಟಿಕರ್ತ’. ಜನಾಭಿಪ್ರಾಯಕ್ಕೆ ಮಣಿದು ಅಂಥ ಪದ ಬಳಸಿದೆನಲ್ಲ ಎಂದು 1863ರಲ್ಲಿ ಗೆಳೆಯ ಹೂಕರ್‌ಗೆ ಬರೆದು ಡಾರ್ವಿನ್ನರೇ ಪರಿತಪಿಸಿದರು. ಆದರೂ ಆ ಪದವನ್ನು ಮುಂದಿನ ಆವೃತ್ತಿಗಳಲ್ಲೂ ಅಳಿಸಲಿಲ್ಲ.