ಡೆಸ್ಪಾಸಿಟೊ ಅರ್ಜಿ ಹಾಕಿರಲಿಲ್ಲ ಸ್ವಾಮಿ

2017ರ ಆಗಸ್ಟ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಆಗಸ್ಟ್ 4ಕ್ಕೆ ‘ಡೆಸ್ಪಾಸಿಟೊ’ ಎಂಬ ಸ್ಪ್ಯಾನಿಷ್ ಹಾಡು ಯೂಟ್ಯೂಬ್‌ನಲ್ಲಿ ಜನ ಅತಿ ಹೆಚ್ಚು ನೋಡಿದ ವಿಡಿಯೊ ಆಯಿತು. 300 ಕೋಟಿ ಮುಟ್ಟಿದ ಮೊದಲ ವಿಡಿಯೊನೂ ಅದೇ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ತಿಂಗಳು ಪೂರ್ತಿ ಅದೇ ನಂಬರ್ ಒನ್. ಆಗಸ್ಟ್ 27ಕ್ಕೆ ಅಲ್ಲಿನ ಸಂಗೀತ ಚಾನೆಲ್ ಎಂಟಿವಿಯವರು ವರ್ಷದ ವಿಡಿಯೊಗಳಿಗೆ ಪ್ರಶಸ್ತಿ ಕೊಡುವ ಜಾತ್ರೆ ನಡೆಸಿದರು. ಅಲ್ಲಿ ವರ್ಷದ ವಿಡಿಯೊ ಪಟ್ಟಿಯಲ್ಲಿ ಈ ಹಾಡಿನ ಹೆಸರೇ ಇಲ್ಲ. ಯಾಕ್ರೀ ಅಂತ ಕೇಳಿದವರಿಗೆ ಬಂದ ಉತ್ತರ: ಅದನ್ನು ನಮಗೆ ಯಾರೂ ಸಲ್ಲಿಸಿರಲಿಲ್ಲ.

ಅಂದರೆ ಹಾಡು ಅರ್ಜಿ ಹಾಕಿರಲಿಲ್ಲ. 300 ಕೋಟಿ ಸಲ ಜನರ ಕಣ್ಣಿಗೆ ಬಿದ್ದರೆ ಸಾಲದು ಸ್ವಾಮಿ, ನಿಗದಿತ ನಮೂನೆಯಲ್ಲಿ, ಕೊನೇ ದಿನಾಂಕದೊಳಗೆ, ಎರಡು ಜೆರಾಕ್ಸ್ ಪ್ರತಿ ಸಮೇತ ಸಂಬಂಧಪಟ್ಟ ಕೌಂಟರ್‌ನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು. ಸಲ್ಲಿಸದೇ ಇದ್ದದ್ದು ಹಾಡಿನ ಕಡೆಯವರ ತಪ್ಪು ಅಂತಲೇ ಇಟ್ಟುಕೊಳ್ಳೋಣ. ಆದರೂ ವರ್ಷದ ವಿಡಿಯೊ ಹುಡುಕೋಕೆ ಅಂತಲೇ ಕೂತವರಿಗೆ ಕಿಟಕಿಯಾಚೆ ಏನು ಕೇಳಿಸ್ತಿದೆ ಅಂತ ಒಮ್ಮೆ ಕಿವಿ ಕೊಡೋಕೂ ಪುರುಸೊತ್ತಿರಲಿಲ್ವಾ? ಆಮೇಲೆ ‘ಬೇಸಿಗೆಯ ಹಾಡು’ ಎಂಬ ವಿಭಾಗದಲ್ಲಿ ಅದರ ಹೆಸರು ಸೇರಿಸಿದರು. ಆ ಬಹುಮಾನವೂ ಬೇರೆಯವರ ಪಾಲಾಯಿತು, ಬಿಡಿ.

ಸ್ಪ್ಯಾನಿಷ್, ಪೋರ್ಚುಗೀಸ್ ಹಾಡುಗಳ ಪಾಲಿಗೆ 2017 ಇಂಥದ್ದೇ ವರ್ಷ. ಕುಣಿಯುವವರಿಗೆ ಯಾವ ಅನುಮಾನವೂ ಇರಲಿಲ್ಲ. ಬೆಂಗಳೂರಿನ ಜಿಮ್ಮಿನಿಂದ ಮದುವೆ ರಿಸೆಪ್ಷನ್‌ವರೆಗೆ ಒಂದಕ್ಷರ ಅರ್ಥವಾಗದೆ ಎಲ್ಲರೂ ಆರಾಮಾಗಿ ಸೊಂಟ ಕುಣಿಸಿದರು. ತಲೆಬಿಸಿ ಆಗಿದ್ದು ಕುರ್ಚಿ ಮೇಲೆ ಕೂತವರಿಗೆ. ಇದನ್ನು ಯಾವ ಫೈಲಿಗೆ ಸೇರಿಸೋದು? ಯಾರ ಸಹಿ ಬೇಕು? ಮುಖ್ಯವಾಗಿ, ಇದರಿಂದ ನಮಗೇನು ಲಾಭ?

ಮೊದಲು ಸಹಿಯ ವಿಚಾರ. ಹಾಡು ಬಂದಿದ್ದು ಜನವರಿಯಲ್ಲಿ. ಹಾಡಿದವರು ಲೂಯಿಸ್ ಫಾನ್ಸಿ ಮತ್ತು ಡ್ಯಾಡಿ ಯಾಂಕಿ, ಇಬ್ಬರೂ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದವರು. ಅವರ ಜತೆ ಕೂತು ಬರೆದವರು ಪನಾಮಾದ ಎರಿಕಾ ಎಂಡರ್. ವಿಡಿಯೊದ ಹೆಚ್ಚಿನ ಭಾಗ ಚಿತ್ರೀಕರಿಸಿದ್ದು ಪೋರ್ಟೊ ರಿಕೊ ರಾಜಧಾನಿ ಸ್ಯಾನ್ ಹುವಾನ್‌ನ ಹಳೇ ಕೋಟೆ ಗೋಡೆಯಾಚೆ ಸಮುದ್ರಕ್ಕೆ ಅಂಟಿಕೊಂಡಿರುವ ಲಾ ಪೆರ್ಲಾ ಎಂಬ ಬಡವರ ಕೇರಿಯಲ್ಲಿ. ಲ್ಯಾಟಿನ್ ಅಮೆರಿಕದಲ್ಲಿ ಆಗಲೇ ಧೂಳೆಬ್ಬಿಸಿತ್ತು. ಅಮೆರಿಕದ ಪಟ್ಟಿಯಲ್ಲಿ ಮಾತ್ರ ಎಲ್ಲೋ ಮಧ್ಯದಲ್ಲಿ ಓಡಾಡಿಕೊಂಡಿತ್ತು. ಏಪ್ರಿಲ್‌ನಲ್ಲಿ ಪಾಪ್ ಗಾಯಕ ಜಸ್ಟಿನ್ ಬೀಬರ್ ಬಂದು ಮುಂದೆ ನಾಲ್ಕು ಸಾಲು ಇಂಗ್ಲಿಷ್ ಅಂಟಿಸಿದ. ಮೇ ತಿಂಗಳಲ್ಲಿ ಅದು ನಂಬರ್ ಒನ್! ಅಲ್ಲೇ 16 ವಾರ ಕದಲದೆ ಕೂತು, 1995-96ರ ಒಂದು ಇಂಗ್ಲಿಷ್ ಹಾಡಿನ ದಾಖಲೆಗೆ ಸಮ ಆಯಿತು.

ಈಗ ಸ್ವಲ್ಪ ಜೋಪಾನವಾಗಿ ಓದಿ. ಪೋರ್ಟೊ ರಿಕೊ ಜನ 1917ರಿಂದಲೂ ಅಮೆರಿಕದ ಪ್ರಜೆಗಳು. ದ್ವೀಪದಲ್ಲಿ ಇದ್ದಷ್ಟು ದಿನ ಅಧ್ಯಕ್ಷರ ಚುನಾವಣೆಯಲ್ಲಿ ವೋಟಿಲ್ಲ, ಅದು ಬೇರೆ ಕತೆ, ಆದರೆ ಪಾಸ್‌ಪೋರ್ಟ್ ಅಮೆರಿಕದ್ದೇ. 2017 ಅಂದರೆ ಆ ಪೌರತ್ವಕ್ಕೆ ಸರಿಯಾಗಿ ನೂರು ವರ್ಷ. ಬೀಬರ್ ಯಾವ ದೇಶದವನು? ಕೆನಡಾ. ಅಮೆರಿಕದ ಇಬ್ಬರು ಪ್ರಜೆಗಳ ಹಾಡು ಅಮೆರಿಕದ ಒಳಗೆ ಬರೋಕೆ ಕೆನಡಾದವನೊಬ್ಬ ಬಂದು ಜಾಮೀನು ನಿಲ್ಲಬೇಕಾಯಿತು!

ಇದು ಹೊಸ ರೂಢಿಯೂ ಅಲ್ಲ. ಅದಕ್ಕೂ ಮುಂಚೆ ಆ ಪಟ್ಟಿಯ ತುದಿಗೆ ಹೋಗಿದ್ದ ಸ್ಪ್ಯಾನಿಷ್ ಹಾಡು 1996ರ ‘ಮಕರೆನಾ’. ಅದನ್ನು ಹಾಡಿದವರು ಸ್ಪೇನ್‌ನ ಇಬ್ಬರು ನಡುವಯಸ್ಸಿನ ಗಂಡಸರು. ಅಮೆರಿಕದಲ್ಲಿ ಗೆದ್ದಿದ್ದು ಮಾತ್ರ ಇಂಗ್ಲಿಷ್ ಹೆಣ್ಣು ದನಿ ಸೇರಿಸಿದ ರೀಮಿಕ್ಸ್. ಇಪ್ಪತ್ತು ವರ್ಷದಲ್ಲಿ ಫೋನು ಬದಲಾಯಿತು, ಕ್ಯಾಸೆಟ್ ಹೋಯಿತು, ಗೇಟಿನಲ್ಲಿ ಕೂತ ವಾಚ್‌ಮನ್ ಮಾತ್ರ ಅವನೇ.

ಜಾಮೀನುದಾರನ ಕತೆ ಇನ್ನೂ ಚೆನ್ನಾಗಿದೆ. ರೀಮಿಕ್ಸ್‌ನಲ್ಲಿ ಬೀಬರ್ ಸ್ಪ್ಯಾನಿಷ್ ಪಲ್ಲವಿಯನ್ನೂ ಹಾಡಿದ್ದಾನೆ, ಚೆನ್ನಾಗಿಯೇ ಹಾಡಿದ್ದಾನೆ. ಅದು ಸ್ಟುಡಿಯೊದಲ್ಲಿ. ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಒಂದು ಕ್ಲಬ್‌ನಲ್ಲಿ ಮೈಕ್ ಕೈಗೆ ಸಿಕ್ಕಾಗ ಸಾಹಿತ್ಯ ಮರೆತುಹೋಯಿತು. ಸುಮ್ನೆ ಇರಬಹುದಿತ್ತು. ಇರಲಿಲ್ಲ. ‘ಬ್ಲಾ ಬ್ಲಾ’ ಅಂದ, ಮಧ್ಯೆ ‘ಬರಿಟೊ’ ಅಂದ, ‘ಡೊರಿಟೊ’ ಅಂದ. ಪಲ್ಲವಿ ಹೋಗಿ ತಿಂಡಿಯ ಮೆನು ಆಯಿತು. ಯಾರೋ ಫೋನಿನಲ್ಲಿ ಹಿಡಿದರು, ಜಗತ್ತೆಲ್ಲ ನೋಡಿತು. ಜೂನ್‌ನಲ್ಲಿ ಸ್ವೀಡನ್‌ನ ಕಾರ್ಯಕ್ರಮದಲ್ಲಿ ಜನ ಅದೇ ಹಾಡು ಬೇಕು ಅಂದರೆ ನನಗೆ ಬರಲ್ಲ ಅಂದುಬಿಟ್ಟ. ಸಿಟ್ಟಿಗೆದ್ದ ಯಾರೋ ಬಾಟಲಿ ಎಸೆದರು. ಆಗ ಅಮೆರಿಕದ ನಂಬರ್ ಒನ್ ಹಾಡಿನ ಮೇಲೆ ಹೆಸರಿರುವ ಮೂವರಲ್ಲಿ ಒಬ್ಬನಿಗೆ ಆ ಹಾಡೇ ಬರುತ್ತಿರಲಿಲ್ಲ. ಫಾನ್ಸಿ ದೊಡ್ಡ ಮನುಷ್ಯ, ಆ ಪಲ್ಲವಿ ಹಾಡೋದು ಅಷ್ಟು ಸುಲಭ ಅಲ್ಲ ಅಂತ ಅವನ ಪರ ನಿಂತರು.

ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಲ್ಯಾಟಿನ್ ಗ್ರ್ಯಾಮಿ. ಸ್ಪ್ಯಾನಿಷ್, ಪೋರ್ಚುಗೀಸ್ ಸಂಗೀತಕ್ಕೆ ಅಂತಲೇ ಇರುವ ಪ್ರಶಸ್ತಿ. ಡೆಸ್ಪಾಸಿಟೊಗೆ ನಾಲ್ಕು ಬಂದವು, ಸಂತೋಷ. ಅದರಲ್ಲಿ ಒಂದು ರೀಮಿಕ್ಸ್‌ಗೆ. ಹಾಗಾಗಿ ಬರಿಟೊ ಸಾಹಿತಿಗಳಿಗೂ ಒಂದು ಲ್ಯಾಟಿನ್ ಗ್ರ್ಯಾಮಿ ಸಂದಿತು. ಇಡೀ ಜನ್ಮ ಸ್ಪ್ಯಾನಿಷ್‌ನಲ್ಲಿ ಹಾಡಿ ಒಂದು ನಾಮನಿರ್ದೇಶನವೂ ಸಿಗದವರು ಆ ರಾತ್ರಿ ಟಿವಿ ಮುಂದೆ ಏನೇನು ಅಂದುಕೊಂಡರೋ.

ಇನ್ನು ಸರ್ಕಾರಗಳು. ಜುಲೈನಲ್ಲಿ ಮಲೇಷ್ಯಾದ ಸರ್ಕಾರಿ ರೇಡಿಯೊ, ಟಿವಿಗಳಲ್ಲಿ ಈ ಹಾಡಿಗೆ ನಿಷೇಧ ಬಿತ್ತು. ಸಾಹಿತ್ಯ ಅಶ್ಲೀಲ ಅಂತ ದೂರು ಬಂದಿದೆ ಎಂದು ಸಚಿವರು ಹೇಳಿದರು. ಅಶ್ಲೀಲ ಹೌದೋ ಅಲ್ಲವೋ ಅನ್ನೋದಕ್ಕಿಂತ ನನಗೆ ಇಷ್ಟವಾದದ್ದು ಅದರ ಟೈಮಿಂಗ್. ಆರು ತಿಂಗಳು ಎಲ್ಲರೂ ಕುಣಿದು ಸುಸ್ತಾದ ಮೇಲೆ ಯಾರೋ ಕೂತು ಅರ್ಥ ವಿಚಾರಿಸಿದ್ದಾರೆ. ನಿಷೇಧ ಸರ್ಕಾರಿ ಕೇಂದ್ರಗಳಿಗೆ ಮಾತ್ರ. ಖಾಸಗಿ ರೇಡಿಯೊದಲ್ಲಿ ಹಾಕಬಹುದು, ಯೂಟ್ಯೂಬ್ ಕೇಳೋದೇ ಬೇಡ. ಅಂದರೆ ಸರ್ಕಾರಿ ಚಾನೆಲ್ ನೋಡುವಷ್ಟು ಶಿಸ್ತಿನ ಪ್ರೇಕ್ಷಕರು ಮಾತ್ರ ಕೆಡೋದು ತಪ್ಪಿತು.

ಅದೇ ತಿಂಗಳು ವೆನೆಜುವೆಲಾದಲ್ಲಿ ಉಲ್ಟಾ. ಅಲ್ಲಿನ ಅಧ್ಯಕ್ಷ ನಿಕೊಲಾಸ್ ಮದುರೊ ಅವರಿಗೆ ಹಾಡು ಎಷ್ಟು ಇಷ್ಟವಾಯಿತೆಂದರೆ, ಅದೇ ಧಾಟಿಗೆ ಬೇರೆ ಸಾಹಿತ್ಯ ಕೂರಿಸಿ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಹಾಕಿದರು. ಜುಲೈ 30ಕ್ಕೆ ಹೊಸ ಸಂವಿಧಾನ ಸಭೆಗೆ ಚುನಾವಣೆ, ಬಂದು ವೋಟು ಹಾಕಿ ಅಂತ ಕರೆ. ನಮ್ಮಲ್ಲಿ ಚುನಾವಣೆ ಬಂದಾಗ ಸಿನಿಮಾ ಹಾಡಿನ ಧಾಟಿಗೆ ಪಕ್ಷದ ಹೆಸರು ತುರುಕುವ ಆಟೊ ಪ್ರಚಾರ ಕೇಳಿದವರಿಗೆ ಇದೇನು ಆಶ್ಚರ್ಯ ಅಲ್ಲ. ಆದರೆ ಅಲ್ಲಿ ಪರಿಸ್ಥಿತಿ ತಮಾಷೆಯದಾಗಿರಲಿಲ್ಲ. ಅಂಗಡಿಯಲ್ಲಿ ಊಟದ ಸಾಮಾನಿಲ್ಲ, ಏಪ್ರಿಲ್‌ನಿಂದ ನಡೆದ ಪ್ರತಿಭಟನೆಗಳಲ್ಲಿ ನೂರಕ್ಕಿಂತ ಜಾಸ್ತಿ ಜನ ಸತ್ತಿದ್ದರು, ವಿರೋಧ ಪಕ್ಷಗಳು ಚುನಾವಣೆಯನ್ನೇ ಬಹಿಷ್ಕರಿಸಿದ್ದವು. ಅಧ್ಯಕ್ಷರು ಮಾತ್ರ ವೇದಿಕೆ ಮೇಲೆ ಚಪ್ಪಾಳೆ ತಟ್ಟುತ್ತಾ ತಾಳ ಹಾಕುತ್ತಿದ್ದರು. ನನ್ನನ್ನು ಯಾರೂ ಕೇಳಿಲ್ಲ, ನಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಫಾನ್ಸಿ ಹೇಳಿಕೆ ಕೊಟ್ಟರು. ಡ್ಯಾಡಿ ಯಾಂಕಿ ಇನ್ನೂ ಖಾರವಾಗಿ ಬೈದರು. ಎಂಟಿವಿಗೆ ಬೇಕಿದ್ದ ಅರ್ಜಿ ಇಲ್ಲಿ ಬೇಕಾಗಲೇ ಇಲ್ಲ ನೋಡಿ.

ಪೋರ್ಚುಗೀಸ್ ಕಡೆಗೆ ಬಂದರೆ ಬ್ರೆಜಿಲ್ ಎಲ್ಲರನ್ನೂ ಮೀರಿಸಿತು. ರಿಯೊದ ಕೊಳಗೇರಿಗಳಲ್ಲಿ ಹುಟ್ಟಿದ ಫಂಕ್ ಸಂಗೀತ ಆ ವರ್ಷ ಎಲ್ಲಿ ನೋಡಿದರಲ್ಲಿ. ಸಾವೊ ಪಾಲೊದ ಎಂಸಿ ಫಿಯೊಟಿ ಎಂಬ ಹುಡುಗ ಜರ್ಮನಿಯ ಹಳೇ ಶಾಸ್ತ್ರೀಯ ಸಂಗೀತಗಾರ ಬಾಖ್ ಬರೆದ ಕೊಳಲಿನ ತುಣುಕೊಂದನ್ನು ಎತ್ತಿಕೊಂಡು, ಅದಕ್ಕೆ ದಢದಢ ಬೀಟು ಸೇರಿಸಿ, ಸೊಂಟದ ಕೆಳಗಿನ ವಿಷಯವಾಗಿ ‘ಬುಂ ಬುಂ ತಾಂ ತಾಂ’ ಅಂತ ಒಂದು ಹಾಡು ಬಿಟ್ಟ. ದೇಶವೇ ಕುಣಿಯಿತು. ಮುನ್ನೂರು ವರ್ಷ ಚರ್ಚು, ಸಭಾಂಗಣ ಅಂತ ಗಂಭೀರವಾಗಿ ಕೂತಿದ್ದ ಬಾಖ್ ಸಾಹೇಬರಿಗೂ ಕೊನೆಗೂ ಜನ ಎದ್ದು ಕುಣಿದರು.

ಇದನ್ನು ಸಹಿಸದವರೂ ಇದ್ದರು. ಅಲ್ಲಿನ ಸೆನೆಟ್‌ನ ಜಾಲತಾಣದಲ್ಲಿ ಒಂದು ಸೌಲಭ್ಯ ಇದೆ. ಯಾವ ನಾಗರಿಕ ಬೇಕಾದರೂ ಕಾನೂನಿಗೆ ಸಲಹೆ ಹಾಕಬಹುದು, 20,000 ಜನರ ಬೆಂಬಲ ಸಿಕ್ಕಿದರೆ ಸೆನೆಟ್ ಅದನ್ನು ಚರ್ಚೆಗೆ ತೆಗೆದುಕೊಳ್ಳಬೇಕು. ಒಬ್ಬ ಮಹಾಶಯರು ಫಂಕ್ ಅನ್ನು ಸಾರ್ವಜನಿಕ ಆರೋಗ್ಯದ ವಿರುದ್ಧದ ಅಪರಾಧ ಅಂತ ಘೋಷಿಸಬೇಕೆಂದು ಸಲಹೆ ಹಾಕಿದರು. ಕಲೆ ಅಂತ ಅಲ್ಲ, ಶಬ್ದ ಅಂತಲೂ ಅಲ್ಲ, ಆರೋಗ್ಯ! ಡೆಂಗಿ, ಮಲೇರಿಯಾ, ಫಂಕ್. 20,000 ದಾಟಿಯೇಬಿಟ್ಟಿತು. ಕಡತ ಸೆನೆಟ್ ಸಮಿತಿಗೆ ಹೋಯಿತು. ಅದನ್ನು ಪರಿಶೀಲಿಸಿ ವರದಿ ಕೊಡುವ ಕೆಲಸ ಯಾರ ಪಾಲಿಗೆ ಬಂತು ಗೊತ್ತಾ? ಸೆನೆಟರ್ ರೊಮಾರಿಯೊ. ಹೌದು, ಅದೇ ರೊಮಾರಿಯೊ, 1994ರ ಫುಟ್‌ಬಾಲ್ ವಿಶ್ವಕಪ್ ಗೆಲ್ಲಿಸಿದವರು, ಹುಟ್ಟಿದ್ದು ರಿಯೊದ ಕೊಳಗೇರಿಯಲ್ಲೇ. ರಾತ್ರಿ ಪಾರ್ಟಿಗಳ ವಿಚಾರದಲ್ಲಿ ಆಟದಷ್ಟೇ ಹೆಸರು ಮಾಡಿದ್ದವರು. ಹೋಗಿ ಹೋಗಿ ಕಡತ ಎಂಥವರ ಮೇಜಿಗೆ ಬಂದು ಬಿತ್ತು ನೋಡಿ. ಅವರು ಬೇಡ ಅಂತ ವರದಿ ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಸಮಿತಿ ತಳ್ಳಿಹಾಕಿತು. ಸುಮಾರು ನೂರು ವರ್ಷದ ಹಿಂದೆ ಅದೇ ರಿಯೊದಲ್ಲಿ ಪೊಲೀಸರು ಸಾಂಬಾ ಬಾರಿಸುವವರನ್ನೂ ಹಿಡಿಯುತ್ತಿದ್ದರು. ಈಗ ಅದೇ ಸಾಂಬಾ ತೋರಿಸಿ ಪ್ರವಾಸಿಗರನ್ನು ಕರೆಯುತ್ತಾರೆ.

ಪೋರ್ಚುಗಲ್ ದೇಶದ್ದು ಒಂದು ಒಳ್ಳೇ ಸುದ್ದಿ. ಯುರೋಪಿನ ದೇಶಗಳ ನಡುವೆ ನಡೆಯುವ ಯುರೊವಿಷನ್ ಹಾಡಿನ ಸ್ಪರ್ಧೆಗೆ ಅವರು 1964ರಿಂದ ಹೋಗುತ್ತಿದ್ದರು. ಮೊದಲ ವರ್ಷ ಸಿಕ್ಕಿದ್ದು ಸೊನ್ನೆ ಅಂಕ. ಆಮೇಲೂ ಹೋದರು, ಸೋತರು, ಮತ್ತೆ ಹೋದರು. 2017ರ ಮೇ ತಿಂಗಳಲ್ಲಿ ಕೀವ್‌ನಲ್ಲಿ ಬಹುತೇಕ ದೇಶಗಳು ಇಂಗ್ಲಿಷ್‌ನಲ್ಲಿ ಹಾಡಿ, ಹೊಗೆ ಬಿಟ್ಟು, ಬೆಂಕಿ ಉಗುಳಿಸುತ್ತಿದ್ದರೆ, ಸಾಲ್ವಡೊರ್ ಸೊಬ್ರಾಲ್ ಎಂಬ ಹುಡುಗ ದೊಗಳೆ ಕೋಟು ಹಾಕಿಕೊಂಡು ಬಂದು, ಅಕ್ಕ ಬರೆದುಕೊಟ್ಟ ಹಾಡನ್ನು ಪೋರ್ಚುಗೀಸ್‌ನಲ್ಲೇ ಹಾಡಿ, 758 ಅಂಕ ತೆಗೆದುಕೊಂಡು ಗೆದ್ದ. ಗೆದ್ದ ಮೇಲೆ ಮೈಕ್ ಹಿಡಿದು ಸಂಗೀತ ಅಂದರೆ ಪಟಾಕಿ ಅಲ್ಲ ಅಂತ ಬೇರೆ ಹೇಳಿದ. ಪಟಾಕಿ ಹೊಡೆದವರೆಲ್ಲ ಅಲ್ಲೇ ಕೂತಿದ್ದರು.

ಸೆಪ್ಟೆಂಬರ್ 20ಕ್ಕೆ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಗುಡಿಸಿಹಾಕಿತು. ವಿಡಿಯೊದಲ್ಲಿ ಬಣ್ಣಬಣ್ಣವಾಗಿ ಕಂಡಿದ್ದ ಲಾ ಪೆರ್ಲಾದಲ್ಲೂ ಮನೆಗಳು ಬಿದ್ದವು. ಇಡೀ ದ್ವೀಪಕ್ಕೆ ಕರೆಂಟಿಲ್ಲ. ಆಗ ಅಮೆರಿಕದಲ್ಲಿ ಒಂದು ಸಮೀಕ್ಷೆ ಆಯಿತು. ಪೋರ್ಟೊ ರಿಕೊದವರು ತಮ್ಮದೇ ದೇಶದ ಪ್ರಜೆಗಳು ಅನ್ನೋದು ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಗೊತ್ತೇ ಇರಲಿಲ್ಲ. ಅದೇ ಜನ ಬೇಸಿಗೆಯಿಡೀ ಅವರ ಹಾಡಿಗೆ ಕುಣಿದಿದ್ದರು. ಅಕ್ಟೋಬರ್ 3ಕ್ಕೆ ಅಧ್ಯಕ್ಷ ಟ್ರಂಪ್ ಖುದ್ದಾಗಿ ಹೋಗಿ, ಪರಿಹಾರ ಕೇಂದ್ರದಲ್ಲಿ ನೆರೆದಿದ್ದವರ ಕಡೆಗೆ ಪೇಪರ್ ಟವೆಲ್ ಸುರುಳಿಗಳನ್ನು ಬಾಸ್ಕೆಟ್‌ಬಾಲ್ ಥರ ಎಸೆದು ಬಂದರು.

ಜನವರಿ 2018ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ. ದ್ವೀಪದಲ್ಲಿ ಲಕ್ಷಾಂತರ ಮಂದಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಡೆಸ್ಪಾಸಿಟೊಗೆ ಮೂರು ನಾಮನಿರ್ದೇಶನ, ವೇದಿಕೆ ಮೇಲೆ ಹಾಡೋಕೂ ಕರೆದಿದ್ದರು. ಫಾನ್ಸಿ ಮತ್ತು ಡ್ಯಾಡಿ ಯಾಂಕಿ ಹಾಡಿದರು, ಸಭಿಕರೆಲ್ಲ ಎದ್ದು ಕುಣಿದರು. ಮೂರರಲ್ಲಿ ಒಂದೂ ಬರಲಿಲ್ಲ. ಎರಡು ಬ್ರೂನೊ ಮಾರ್ಸ್‌ಗೆ ಹೋದವು. ಅವರಿಗೂ ಅಪ್ಪನ ಕಡೆಯಿಂದ ಪೋರ್ಟೊ ರಿಕೊದ ನಂಟಿದೆ, ಆದರೆ ಆ ಹಾಡುಗಳು ಇಂಗ್ಲಿಷ್. ಉಳಿದ ಒಂದು, ಇಬ್ಬರು ಅಥವಾ ತಂಡ ಸೇರಿ ಹಾಡಿದ ಪಾಪ್ ಹಾಡಿನ ಪ್ರಶಸ್ತಿ, ‘ಪೋರ್ಚುಗಲ್. ದಿ ಮ್ಯಾನ್’ ಎಂಬ ತಂಡಕ್ಕೆ ಹೋಯಿತು. ಕೇಳಿದ ತಕ್ಷಣ ಲಿಸ್ಬನ್‌ನವರು ಖುಷಿಪಡಬೇಡಿ. ತಂಡ ಹುಟ್ಟಿದ್ದು ಅಲಾಸ್ಕಾದಲ್ಲಿ, ಹಾಡಿದ್ದು ಇಂಗ್ಲಿಷ್‌ನಲ್ಲಿ.