ಚದುರಿದ ಮೇಳಕ್ಕೊಂದು ಖಾಯಂ ದಿನ ಬೇಕು

ಹಾವೇರಿ ಜಿಲ್ಲೆಯ ಶಿಗ್ಗಾವಿ ಸೀಮೆಯಲ್ಲಿ ಒಂದು ಕಾಲಕ್ಕೆ ಕೂಡಿ ಗೀಗೀ ಪದ ಹಾಡುತ್ತಿದ್ದ ನಾವು ಗೆಳೆಯರು ಬಹಳ ವರ್ಷಗಳ ಮೇಲೆ ಮತ್ತೆ ಒಬ್ಬರ ದನಿಯನ್ನು ಒಬ್ಬರು ಕೇಳುವಂತಾಗಿದೆ. ದಪ್ಪು ಎಂಬ ಚರ್ಮವಾದ್ಯ ಹಿಡಿದು ಮುಂದೆ ನಿಲ್ಲುತ್ತಿದ್ದವನು ಗೋವಾದ ವಾಸ್ಕೋದಲ್ಲಿ ಕಟ್ಟಡ ಕೆಲಸದ ಮೇಸ್ತ್ರಿಯಾಗಿದ್ದಾನೆ. ತಾಳ ಹಿಡಿಯುತ್ತಿದ್ದವನು ಹುಬ್ಬಳ್ಳಿಯಲ್ಲಿ ಬಸ್ ಕಂಡಕ್ಟರ್ ಆಗಿ ನಿವೃತ್ತಿಯ ಅಂಚಿಗೆ ಬಂದಿದ್ದಾನೆ. ಹಿಂದೆ ನಿಂತು ಸೂರು (ದನಿ) ಎತ್ತುತ್ತಿದ್ದ ಹಿಮ್ಮೇಳದವರಲ್ಲಿ ಒಬ್ಬ ಊರಲ್ಲೇ ಉಳಿದು ಗೋವಿನಜೋಳ, ಹತ್ತಿ ಬೆಳೆಯುತ್ತಾನೆ. ಇನ್ನೊಬ್ಬ ಮಂಗಳೂರಿನ ಮೀನುಗಾರಿಕೆ ಬಂದರಿಗೆ ದುಡಿಯಲು ಹೋದವನು ಅಲ್ಲಿಯೇ ನೆಲೆ ನಿಂತ. ತುಂತುಣಿ ಎಂಬ ಒಂದು ತಂತಿಯ ವಾದ್ಯ ಬಾರಿಸುತ್ತಿದ್ದ ನಾನು ಪುಣೆಯ ಪಿಂಪ್ರಿ-ಚಿಂಚವಡದ ಕಾರ್ಖಾನೆಗಳ ನಡುವೆ ಆಯುಷ್ಯದ ದೊಡ್ಡ ಪಾಲನ್ನು ಕಳೆದಿದ್ದೇನೆ. ನಮ್ಮನ್ನು ಮತ್ತೆ ಕೂಡಿಸಿದ್ದು ಕಂಡಕ್ಟರ್ ಗೆಳೆಯನ ಮಗಳು ತೆರೆದುಕೊಟ್ಟ ಒಂದು ವಾಟ್ಸ್‌ಆ್ಯಪ್ ಗುಂಪು. ಆ ಹುಡುಗಿಯ ಋಣ ನಮ್ಮ ಮೇಲಿದೆ. ಆದರೆ ಗುಂಪು ಕೂಡಿದ ಮಾತ್ರಕ್ಕೆ ಮೇಳ ಕೂಡಿತೆಂದು ನಾವು ತೃಪ್ತಿಪಟ್ಟುಕೊಳ್ಳುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ಹೀಗೆ ಅನ್ನಿಸಲು ನಾನು ಬದುಕುತ್ತಿರುವ ಊರಿನ ರೀತಿಯೂ ಒಂದು ಕಾರಣ.

ನಮ್ಮ ಮೇಳ ಹುಟ್ಟಿದ್ದು 1990ರ ದಶಕದ ಸಾಕ್ಷರತಾ ಆಂದೋಲನದ ದಿನಗಳಲ್ಲಿ. ಹಾವೇರಿ ಮತ್ತು ಗದಗ ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಕಲಾ ಜಾಥಾಗಳಿಗೆ ಹಾಡುವವರು ಬೇಕಾಗಿದ್ದರು, ನಮಗೆ ಹಾಡುವ ಹುಚ್ಚಿತ್ತು. ಅಕ್ಷರದ ಪದಗಳನ್ನು ಹಾಡಿ ಮುಗಿಸಿದ ಮೇಲೆ ಊರಿನ ಹಿರಿಯರು ನಮ್ಮನ್ನು ಗುಡಿಯ ಕಟ್ಟೆಗೆ ಕರೆದು, ಇನ್ನು ನಿಜವಾದ ಲಾವಣಿ ಹಾಡಿರಿ ಎಂದು ಕೂರಿಸುತ್ತಿದ್ದರು. ಧಾರವಾಡ ಆಕಾಶವಾಣಿ 1950ರಿಂದ ಈ ಸೀಮೆಯ ಕಿವಿಯನ್ನು ತಿದ್ದಿದ ಸಂಸ್ಥೆ. ರೇಡಿಯೋದಲ್ಲಿ ಜಾನಪದ ಕೇಳಿ ಬೆಳೆದ ಆ ಹಿರಿಯರಿಗೆ ಎಲ್ಲಿ ಏರು ತಪ್ಪಿತು, ಎಲ್ಲಿ ಇಳುವು ಅವಸರವಾಯಿತು ಎಂಬುದು ಕೂಡಲೇ ತಿಳಿಯುತ್ತಿತ್ತು. ನಾವು ಕಲಿತದ್ದು ಆ ಕಟ್ಟೆಗಳ ಮೇಲೆಯೇ. ಆಂದೋಲನ ಮುಗಿಯಿತು, ಕರೆಯುವವರು ಕಡಿಮೆಯಾದರು, ಮಳೆಯೂ ಕೈಕೊಟ್ಟಿತು, ಒಬ್ಬೊಬ್ಬರಾಗಿ ದುಡಿಮೆಗೆ ಹೊರಟೆವು. ಜಗಳವಾಗಲಿ, ಮನಸ್ತಾಪವಾಗಲಿ ನಡೆದಿರಲಿಲ್ಲ.

ಗುಂಪಿನಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ನಾವು ಹಾಡುತ್ತಿದ್ದ, ಗಂಡು ಹೆಚ್ಚೆಂದು ವಾದಿಸುವ ಒಂದು ಹರದೇಶಿ ಲಾವಣಿ ನಮ್ಮೆಲ್ಲರ ತಲೆಯಲ್ಲಿ ಚೂರುಚೂರಾಗಿ ಉಳಿದಿತ್ತು; ಅದನ್ನು ಬರೆದಿಟ್ಟಿದ್ದ ವಹಿ ಮನೆ ಸೋರಿ ಹಾಳಾಗಿತ್ತು. ವಾಸ್ಕೋದ ಗೆಳೆಯ ಒಂದು ರಾತ್ರಿ ಪಲ್ಲವಿಯನ್ನೂ ಮೊದಲ ಎರಡು ನುಡಿಗಳನ್ನೂ (ಚರಣಗಳನ್ನೂ) ಹಾಡಿ ಕಳಿಸಿದ, ಮೂರನೆಯದರ ನಡುವೆ ನಿಂತುಬಿಟ್ಟ. ಮರುದಿನ ಊರಿನ ಗೆಳೆಯ ಹೊಲದಲ್ಲಿ ನಿಂತು ಮುಂದಿನದನ್ನು ಹಾಡಿದ, ಆದರೆ ಅವನಿಗೆ ನೆನಪಿದ್ದುದು ಹಿಮ್ಮೇಳ ಎತ್ತಿಕೊಳ್ಳುವ ಸಾಲಿನ ಕೊನೆಗಳು ಮಾತ್ರ. ಸಾಲಿನ ತಲೆ ಮುಂದಿನವನಲ್ಲಿ, ಬಾಲ ಹಿಂದಿನವನಲ್ಲಿ, ಎರಡರ ನಡುವಿನ ಚ್ಯಾಲ (ಹಾಡಿನ ನಡೆ) ತಾಳದವನ ಕೈಯಲ್ಲಿ. ಹೀಗೆ ಒಂದು ಪದ ಐದು ಜನರಲ್ಲಿ ಹಂಚಿಕೊಂಡು ಉಳಿದಿತ್ತೆಂಬುದು ನಮಗೆ ಆಗಲೇ ಗೊತ್ತಾಯಿತು. ತಿಂಗಳು ಕಳೆಯುವುದರೊಳಗೆ ಇಡೀ ಲಾವಣಿ ಕೂಡಿಬಂತು. ಯಾವ ಸಂಗ್ರಾಹಕರು ಬಂದು ನಮ್ಮಲ್ಲಿ ಒಬ್ಬನನ್ನೇ ಕೂರಿಸಿಕೊಂಡು ಬರೆದುಕೊಂಡಿದ್ದರೂ ಅದು ಅವರಿಗೆ ಪೂರ್ತಿ ದಕ್ಕುತ್ತಿರಲಿಲ್ಲ.

ಪದ ಸಿಕ್ಕಿತಲ್ಲ, ಇನ್ನು ಹಾಡೋಣ ಎಂದು ವೀಡಿಯೋ ಕರೆಯಲ್ಲಿ ಕೂತಾಗ ತೊಡಕು ಕಂಡಿತು. ಗೀಗೀ ಪದದಲ್ಲಿ ಮುಮ್ಮೇಳದವನು ಸಾಲನ್ನು ಬಿಡುವ ಮೊದಲೇ ಹಿಮ್ಮೇಳ ಅದನ್ನು ಹಿಡಿದು ‘ಗೀಯ ಗಾ ಗೀಯ ಗಾ’ ಎಂದು ಎತ್ತಬೇಕು. ನಡುವೆ ಉಸಿರಿನಷ್ಟು ಜಾಗವೂ ಬೀಳಬಾರದು. ಕೂಡಿ ನುಡಿಸುವವರ ನಡುವೆ ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚಿನ ತಡವಾದರೆ ಲಯ ಜಾರತೊಡಗುತ್ತದೆ. ಮೊಬೈಲ್ ಕರೆಯಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು ಸಾಮಾನ್ಯವಾಗಿ ಅದರ ಹಲವು ಪಟ್ಟು ಸಮಯ ಹಿಡಿಯುತ್ತದೆ. ವಾಸ್ಕೋದಲ್ಲಿ ದಪ್ಪಿನ ಪೆಟ್ಟು ಬಿದ್ದು ಅದು ಪುಣೆಗೆ ಬರುವಷ್ಟರಲ್ಲಿ ಅವನು ಮುಂದಿನ ಪೆಟ್ಟಿನ ಹತ್ತಿರ ಇರುತ್ತಾನೆ. ನಾನು ಕೇಳಿ ತುಂತುಣಿ ಮೀಟಿದರೆ ಅದು ಅವನಿಗೆ ಇನ್ನಷ್ಟು ತಡವಾಗಿ ಕೇಳುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಪದ ಕುಂಟುತ್ತದೆ. ಇನ್ನು ಫೋನು ಹಿನ್ನೆಲೆಯ ಗದ್ದಲವನ್ನು ತೆಗೆದುಹಾಕಲು ಮಾಡಿಕೊಂಡಿರುವ ವ್ಯವಸ್ಥೆ ಮಾತನಾಡುವ ದನಿಯನ್ನಷ್ಟೇ ಮುಖ್ಯವೆಂದು ತಿಳಿಯುತ್ತದೆ. ಒಂದೇ ತಂತಿಯ ಒಂದೇ ಸ್ವರ ಬಿಡದೆ ಮೊಳಗುವ ತುಂತುಣಿಯನ್ನು ಅದು ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡುತ್ತದೆ. ನಾನು ಬಾರಿಸುವುದು ಅವರಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಇದಕ್ಕಿಂತ ನನಗೆ ಹೆಚ್ಚು ನೋವು ತರುವ ಸಂಗತಿ ಇನ್ನೊಂದಿದೆ. ಲಾವಣಿಯ ಕಡೆಯ ನುಡಿಯಲ್ಲಿ ಕವಿ ತನ್ನ ಊರು, ಆ ಊರಿನ ದೇವರು, ತನ್ನ ಹೆಸರು, ಕೆಲವೊಮ್ಮೆ ತನ್ನ ಗುರುವಿನ ಹೆಸರು ಇಡುತ್ತಾನೆ. ರಾತ್ರಿಯೆಲ್ಲ ಹಾಡಿ ದಣಿದರೂ ಆ ನುಡಿಯನ್ನು ಬಿಡಬಾರದೆಂಬುದು ನಮ್ಮ ಹಿರಿಯರ ಕಟ್ಟಪ್ಪಣೆಯಾಗಿತ್ತು. ಅದು ಪದ ಕಟ್ಟಿದವನಿಗೆ ಸಲ್ಲುವ ಏಕಮಾತ್ರ ಸಂಭಾವನೆ. ಈಗ ಗುಂಪುಗಳಲ್ಲಿ ಓಡಾಡುವ ತುಣುಕುಗಳು ಬಹುತೇಕ ಪಲ್ಲವಿ ಮತ್ತು ಒಂದು ಏರಿನ ಮಟ್ಟಿಗೆ ನಿಲ್ಲುತ್ತವೆ, ಸ್ಟೇಟಸ್‌ಗೆ ಹಾಕಲು ಅಷ್ಟು ಸಾಕು. ಕವಿಯ ಹೆಸರಿರುವ ಆ ಅಂಕಿತದ ನುಡಿ ಕತ್ತರಿಸಿ ಹೋಗುತ್ತದೆ. ಹುಲಕುಂದದ ಕವಿಗಳೋ, ಹಲಸಂಗಿಯ ಖಾಜಾಭಾಯಿಯೋ, ನಮ್ಮ ಪಕ್ಕದ ಊರಿನ ಯಾರೋ ಕಟ್ಟಿದ ಪದ ಯಾರದ್ದೂ ಅಲ್ಲದ ಪದವಾಗಿ ತಿರುಗುತ್ತದೆ. ನಮ್ಮ ಗುಂಪಿನಲ್ಲಿ ಅಂಕಿತವಿಲ್ಲದ ತುಣುಕನ್ನು ಹಾಕಬಾರದೆಂದು ನಾನು ಹಟ ಹಿಡಿದಿದ್ದೇನೆ, ಈ ಹಟವನ್ನು ಬಿಡುವುದಿಲ್ಲ.

ಪುಣೆಯ ರೀತಿಯನ್ನು ಹೇಳುವ ಮುನ್ನ ಒಂದು ಮಾತು ಸ್ಪಷ್ಟಪಡಿಸುತ್ತೇನೆ: ಇಲ್ಲಿಯ ಶಾಹಿರಿ ಹಾಡುಗಾರಿಕೆ ನಮಗೆ ಪರಕೀಯವಲ್ಲ. ಪೋವಾಡ ಎಂಬ ವೀರಗಾಥೆ ಹಾಡುವ ಶಾಹಿರನ ಕೈಯಲ್ಲಿ ಡಫ್ ಇರುತ್ತದೆ, ಪಕ್ಕದಲ್ಲಿ ತುಣತುಣೆ ಇರುತ್ತದೆ, ಹಿಂದೆ ನಿಂತವರು ‘ಜೀ ಜೀ’ ಎಂದು ಸೂರು ಎತ್ತುತ್ತಾರೆ. ಶಕ್ತಿ ಹೆಚ್ಚೋ ಶಿವ ಹೆಚ್ಚೋ ಎಂಬ ಕಲ್ಗಿ-ತುರಾಯಿಯ ವಾದ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಎರಡೂ ಒಂದೇ ಬಯಲಿನಲ್ಲಿ ಬೆಳೆದ ಕಲೆಗಳು. ಹಾಗಾಗಿ ಅವರದು ಮೇಲೆ, ನಮ್ಮದು ಕೆಳಗೆ ಎಂಬ ಅಳತೆಗೆ ನಾನು ಇಳಿಯುವುದಿಲ್ಲ. ವ್ಯತ್ಯಾಸವಿರುವುದು ಕಲೆಯಲ್ಲಲ್ಲ, ಕೂಡುವ ಬಗೆಯಲ್ಲಿ.

ನನ್ನ ಕೆಲಸದ ಜಾಗದ ಮರಾಠಿ ಗೆಳೆಯರ ಒಂದು ಭಜನಾ ಮಂಡಳಿಯಿದೆ. ಅವರು ಆಷಾಢದ ವಾರಿ ಎಂಬ ಪಾದಯಾತ್ರೆಗೆ ಆಳಂದಿಯಿಂದ ಪಂಢರಪುರಕ್ಕೆ ಹಾಡುತ್ತಾ ನಡೆಯುವ ಒಂದು ದಿಂಡಿಗೆ (ತಂಡಕ್ಕೆ) ಸೇರಿದವರು. ದಿಂಡಿಗೆ ಒಂದು ಸಂಖ್ಯೆಯಿದೆ, ಪಲ್ಲಕ್ಕಿಯ ರಥದ ಹಿಂದೆಯೋ ಮುಂದೆಯೋ ಅದಕ್ಕೊಂದು ಗೊತ್ತಾದ ಜಾಗವಿದೆ, ಆ ದಿಂಡಿಯೊಳಗೆ ವೀಣೆ ಯಾರದು, ಪಖವಾಜ್ ಯಾರದು, ತಾಳದವರ ಸಾಲು ಎಲ್ಲಿ ಎಂಬುದೂ ಗೊತ್ತಾಗಿರುತ್ತದೆ. ಯಾರೂ ಯಾರನ್ನೂ ಕರೆಯುವುದಿಲ್ಲ, ಪಂಚಾಂಗ ಕರೆಯುತ್ತದೆ. ನಾಸಿಕದಿಂದ ಬರುವವನು ನಾಸಿಕದಿಂದ, ಮುಂಬೈಯಿಂದ ಬರುವವನು ಮುಂಬೈಯಿಂದ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಾನೆ. ಹರಿನಾಮ ಸಪ್ತಾಹದಲ್ಲಿ ಏಳು ದಿನ ಹಗಲಿರುಳು ವೀಣೆ ಕೊರಳಿನಿಂದ ಕೊರಳಿಗೆ ಪಾಳಿಯ ಮೇಲೆ ಹೋಗುತ್ತದೆ, ಅದು ನೆಲ ಮುಟ್ಟುವುದಿಲ್ಲ. ಅಂಥ ಸಪ್ತಾಹ ನಮ್ಮ ಕಡೆಯೂ ನಡೆಯುತ್ತದೆ, ಆದರೆ ಆ ಶಿಸ್ತು ನಮ್ಮಲ್ಲಿ ಗುಡಿಯ ಭಜನೆಗೆ ಮೀಸಲಾಗಿ, ಲಾವಣಿ-ಗೀಗೀ ಮೇಳಗಳಿಗೆ ಹರಿದು ಬರಲಿಲ್ಲ. ಆ ಗೆಳೆಯರಿಗೂ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಅವರು ಅದನ್ನು ನನಗೆ ತೋರಿಸಿದಾಗ ಬೆರಗಾದೆ: ಅದರಲ್ಲಿ ಒಂದೂ ಹಾಡಿರಲಿಲ್ಲ. ಯಾವ ಊರಿನಲ್ಲಿ ವಸತಿ, ಅಡುಗೆಯ ಪಾಳಿ ಯಾರದು, ಪಖವಾಜಿನ ಹಿಟ್ಟು ಯಾರು ತರಬೇಕು, ಇಷ್ಟೇ. ಹಾಡು ರಸ್ತೆಯ ಮೇಲೆ ಇರುತ್ತದೆಂದು ಅವರಿಗೆ ಗೊತ್ತು.

ನಮ್ಮ ಗುಂಪಿನಲ್ಲಿ ಇದಕ್ಕೆ ತೀರ ಉಲ್ಟಾ. ಹಳೆಯ ಹಾಡು, ಹಳೆಯ ಫೋಟೋ, ಮೆಚ್ಚುಗೆ, ಕಣ್ಣೀರು, ಶುಭೋದಯ ಎಲ್ಲವೂ ಇವೆ. ಯಾವ ದಿನ, ಎಲ್ಲಿ ಎಂಬ ಮಾತು ಮಾತ್ರ ಇಲ್ಲ. ಇದು ನಮ್ಮ ಐದು ಜನರ ದೋಷವಲ್ಲ. ಉತ್ತರ ಕರ್ನಾಟಕದ ಮೇಳಗಳಿಗೆ ಕರೆಸಿಕೊಂಡು ಹೋಗುವುದೇ ರೂಢಿ. ಜಾತ್ರೆಯ ಕಮಿಟಿಯವರು ವೀಳ್ಯ ಕೊಟ್ಟು ಕರೆದರೆ ಹೋಗುತ್ತೇವೆ, ಇಲಾಖೆಯವರು ಪತ್ರ ಕಳಿಸಿದರೆ ಹೋಗುತ್ತೇವೆ, ಉತ್ಸವದ ವೇದಿಕೆ ಕೊಟ್ಟರೆ ಹತ್ತು ನಿಮಿಷ ಹಾಡಿ ಹಾರ ಹಾಕಿಸಿಕೊಂಡು ಬರುತ್ತೇವೆ. ಕರೆ ಬರದಿದ್ದರೆ ಮೇಳ ಮಲಗುತ್ತದೆ. ಕಲಾವಿದನಿಗೆ ಕರೆದವರ ಮರ್ಯಾದೆ ಸಿಗಬೇಕೆಂಬುದು ನ್ಯಾಯವೇ. ಆದರೆ ಕೂಡುವ ದಿನವನ್ನೂ ಕರೆಯುವವರ ಕೈಗೆ ಒಪ್ಪಿಸಿದ್ದರಿಂದ, ಅವರು ಮರೆತ ದಿನ ನಾವೂ ಮರೆತೆವು.

ಮಹಾರಾಷ್ಟ್ರದ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಇಲ್ಲಿಯ ಪೋವಾಡ ಶಿವಜಯಂತಿಯ ವೇದಿಕೆಗೆ ಹೊಂದಿಕೊಂಡು, ಗೊತ್ತಿರುವ ವೀರರ ಗೊತ್ತಿರುವ ಕಥೆಯನ್ನು ಹಾಡಿ ಚಪ್ಪಾಳೆಗೆ ನಿಲ್ಲುವುದೇ ಹೆಚ್ಚು. ಗಣೇಶೋತ್ಸವಕ್ಕೆ ತಿಂಗಳುಗಳ ಮೊದಲೇ ಮುಠಾ ನದಿಯ ದಂಡೆಯಲ್ಲಿ ತಾಲೀಮು ನಡೆಸುವ ಢೋಲ್-ತಾಶಾ ಪಥಕಗಳ ಶಿಸ್ತು ಕಣ್ಣಿಗೆ ಹಬ್ಬ, ಆದರೆ ಅಷ್ಟು ಢೋಲುಗಳ ನಡುವೆ ಒಬ್ಬನ ಕೈ ಬೇರೆಯಾಗಿ ಕೇಳುವುದಿಲ್ಲ. ನಮ್ಮ ಹರದೇಶಿ-ನಾಗೇಶಿಯಲ್ಲಿ ಹಾಗಲ್ಲ. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು, ಪುರಾಣದಿಂದ ಸವಾಲು ತೆಗೆದು ಹಾಡಿನಲ್ಲಿಯೇ ಒಡ್ಡುತ್ತಾರೆ; ಎದುರಿನ ಮೇಳ ಅಲ್ಲಿಯೇ, ಆ ಮಟ್ಟಿನಲ್ಲಿಯೇ ಜವಾಬು ಕಟ್ಟಬೇಕು. ಜವಾಬು ಬಾರದಿದ್ದರೆ ಜನ ಎದ್ದು ಹೋಗುವುದಿಲ್ಲ, ಬೆಳಗಿನ ತನಕ ಕಾಯುತ್ತಾರೆ. ಇಂಥ ವಾದವನ್ನು ವೇದಿಕೆಯ ಹತ್ತು ನಿಮಿಷಕ್ಕೆ ಇಳಿಸಿದರೆ ಅದರ ಜೀವವೇ ಹೋಗುತ್ತದೆ. ನಮಗೆ ಬೇಕಾದದ್ದು ವಾರಿಯವರ ದಿನ ಮತ್ತು ನಮ್ಮ ರಾತ್ರಿ.

ದಿನ ಗೊತ್ತುಮಾಡುವ ಕೆಲಸ ನಮ್ಮ ನೆಲದವರಿಗೆ ಬಾರದ್ದೇನೂ ಅಲ್ಲ. ಪುಣೆಯ ಜನ ಪ್ರತಿ ಚಳಿಗಾಲ ಕಾಯುವ ಸವಾಯಿ ಗಂಧರ್ವ ಸಂಗೀತೋತ್ಸವವನ್ನು 1953ರಲ್ಲಿ ಆರಂಭಿಸಿದವರು ಗದಗ ಸೀಮೆಯ ಭೀಮಸೇನ ಜೋಶಿ, ಅದೂ ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗಾಗಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುಗಳ ಸ್ಮರಣೆಯ ಸಂಗೀತ ನಡೆದುಕೊಂಡು ಬಂದಿದೆ. ಶಾಸ್ತ್ರೀಯ ಸಂಗೀತಕ್ಕೆ ಸಾಧ್ಯವಾದದ್ದು ಗೀಗೀ ಪದಕ್ಕೆ ಏಕೆ ಸಾಧ್ಯವಾಗಬಾರದು? ನಮ್ಮ ಮಗ್ಗುಲಿಗೇ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅವರು ಬಂದು ದಾಖಲಿಸಿಕೊಂಡರೆ ಸಂತೋಷ. ಆದರೆ ಅವರು ಬರಲೆಂದು ಕಾಯುತ್ತಾ ಕೂತರೆ ಮತ್ತೆ ಅದೇ ವೀಳ್ಯದ ದಾರಿಗೆ ಬಿದ್ದಂತೆ.

ಆದ್ದರಿಂದ ಗುಂಪಿನಲ್ಲಿ ನಾನು ಕಾಮನ ಹುಣ್ಣಿಮೆಯ ರಾತ್ರಿಯ ಮಾತು ತೆಗೆದೆ. ಆ ಹೊತ್ತಿಗೆ ಹಿಂಗಾರಿ ಜೋಳ, ಕಡಲೆಯ ಸುಗ್ಗಿ ಮುಗಿದು ಊರಿನ ಗೆಳೆಯನಿಗೆ ಪುರುಸೊತ್ತಿರುತ್ತದೆ. ಹವೆ ಒಣಗಿರುವುದರಿಂದ ದಪ್ಪಿನ ಚರ್ಮ ಸಡಿಲಾಗುವುದಿಲ್ಲ, ಕಾಯಿಸಲು ಕಾಮಣ್ಣನ ಬೆಂಕಿಯೇ ಇರುತ್ತದೆ. ಓಣಿಓಣಿಯಲ್ಲಿ ಹಲಗೆ ಬಡಿಯುವ ಕಾಲವಾದ್ದರಿಂದ ನಮ್ಮ ಗದ್ದಲಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಪುಣೆಯಿಂದ ಶಿಗ್ಗಾವಿ-ಹಾವೇರಿಗೆ ಒಂದೇ ಹೆದ್ದಾರಿ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ವಾಸ್ಕೋದವನಿಗೆ ಎರಡು ದಿನದ ಕೂಲಿ ಹೋಗುತ್ತದೆ. ಅದನ್ನು ಉಳಿದವರು ಹಂಚಿಕೊಳ್ಳುವುದೆಂದು ಮಾತಾಗಿದೆ, ಅವನಿಗೆ ಸಂಕೋಚವಾದರೂ ಇದರಲ್ಲಿ ನಾನು ಯಾವ ಮಾತನ್ನೂ ಕೇಳುವುದಿಲ್ಲ. ಮಕ್ಕಳನ್ನು ಕೇಳುವುದಕ್ಕೆ ಕೂರಿಸದೆ ಸೂರು ಎತ್ತಲು ನಿಲ್ಲಿಸಬೇಕೆಂಬುದು ಕಂಡಕ್ಟರ್ ಗೆಳೆಯನ ಷರತ್ತು. ಗುಂಪು ತೆರೆದ ಮಗಳು ಈಗಾಗಲೇ ತಾಳ ಹಿಡಿಯುವುದನ್ನು ಕಲಿಯುತ್ತಿದ್ದಾಳೆ.

ಎದುರು ಹಾಡುವವರು ಯಾರೆಂಬ ಪ್ರಶ್ನೆ ಉಳಿದಿತ್ತು, ಏಕೆಂದರೆ ಹರದೇಶಿ ಒಂದೇ ಹಾಡಿದರೆ ಅದು ಅರ್ಧ ರಾತ್ರಿ. ಆಗಿನ ಕಾಲಕ್ಕೆ ನಮ್ಮನ್ನು ನಾಗೇಶಿಯಲ್ಲಿ ಹಲವು ಸಲ ಕಟ್ಟಿಹಾಕಿದ್ದ ಹಾಡುಗಾರ್ತಿ ಗದಗಿನ ಕಡೆಯವರು, ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಹುಡುಕಿ ಅವರ ಮಗನ ಫೋನಿಗೆ ವಿಷಯ ತಿಳಿಸಿದೆವು. ಹಾಡುವ ಲಾವಣಿ ಇಂಥದ್ದು, ನೋಡಿಕೊಂಡು ಬರಲಿ ಎಂದು ಪದವನ್ನೂ ಕಳಿಸಲು ಹೊರಟೆವು. ಪದ ಕಳಿಸಬೇಡಿರಿ, ಸವಾಲನ್ನು ಬಂದ ಮೇಲೆಯೇ ಕೇಳುತ್ತೇನೆ ಎಂದು ಅವರು ಹೇಳಿ ಕಳಿಸಿದ್ದಾರೆ. ಅಂದಿನಿಂದ ಗುಂಪಿನಲ್ಲಿ ಹಾಡು ಹಾಕುವುದನ್ನು ನಿಲ್ಲಿಸಿದ್ದೇವೆ. ಯಾರು ಯಾವ ಬಸ್ಸಿಗೆ ಬರುತ್ತಾರೆ, ಎಣ್ಣೆ-ಬೆಲ್ಲ ಯಾರ ಮನೆಯಿಂದ, ನನ್ನ ತುಂತುಣಿಗೆ ಹೊಸ ಚರ್ಮ ಹೊದಿಸುವವರು ಸವಣೂರಿನಲ್ಲಿ ಸಿಗುತ್ತಾರೋ ಹುಬ್ಬಳ್ಳಿಗೇ ಹೋಗಬೇಕೋ, ಈಗ ನಡೆದಿರುವ ಚರ್ಚೆ ಇದು.