ಸತ್ಯಾಂಶ: ಸೀ ಅರ್ಚಿನ್ ಮುಳ್ಳು ಎಸೆಯುತ್ತದೆಯೇ?

ಕಾರವಾರದ ತೀರಕ್ಕೆ ವಿಷದ ಮುಳ್ಳುಚೆಂಡುಗಳು ಬಂದಿವೆ, ಹತ್ತಿರ ಹೋದರೆ ಮುಳ್ಳು ಎಸೆಯುತ್ತವೆ, ಚುಚ್ಚಿದರೆ ಸಾವು ಖಚಿತ ಎನ್ನುವಂಥ ಮೆಸೇಜ್ ನಿಮಗೂ ಬಂದಿರಬಹುದು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಈ ಮುಳ್ಳುಚೆಂಡು ಅಂದರೆ ಸೀ ಅರ್ಚಿನ್ ಎಂಬ ಸಮುದ್ರಜೀವಿ. ಅದು ಮುಳ್ಳು ಎಸೆಯುವುದಿಲ್ಲ. ಅದಕ್ಕೆ ಆ ಶಕ್ತಿಯೇ ಇಲ್ಲ. ನಾವು ತುಳಿದಾಗ ಮುಳ್ಳು ಚುಚ್ಚಿ, ಒಳಗೇ ಮುರಿಯುತ್ತದೆ, ಅಷ್ಟೇ. ಕೆಲವು ಜಾತಿಗಳಲ್ಲಿ ವಿಷ ಇರುವುದು ನಿಜ, ಆದರೆ ಸಾವು ತೀರಾ ಅಪರೂಪ.

ಇವು ಹೊಸದಾಗಿ ಬಂದವೂ ಅಲ್ಲ. ಬಂಡೆಗಳ ಬಿರುಕು, ನೇತ್ರಾಣಿಯಂಥ ದ್ವೀಪಗಳ ಸುತ್ತಲಿನ ಹವಳ, ಇಂಥ ಕಡೆಯೇ ಇವಕ್ಕೆ ಇಷ್ಟ. ಸಿಹಿನೀರು ಆಗಿಬರುವುದಿಲ್ಲ. ಮೈಯೊಳಗಿನ ಉಪ್ಪಿನಂಶವನ್ನು ಸರಿದೂಗಿಸಿಕೊಳ್ಳಲು ಇವಕ್ಕೆ ಬರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಹರಿಯುವ ಅಳಿವೆ ಇವುಗಳ ಜಾಗವಲ್ಲ, ಅಲ್ವಾ?

ಇದರ ಬಾಯಿ ಇರುವುದು ಕೆಳಗೆ. ಅದರಲ್ಲಿ 5 ಹಲ್ಲು. ಸವೆದಷ್ಟೂ ಬೆಳೆಯುತ್ತವೆ! ಅವುಗಳಿಂದ ಬಂಡೆ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಪಾಚಿ ಜಾಸ್ತಿಯಾದರೆ ಹವಳಕ್ಕೆ ಜಾಗ ಸಿಗದು. ಸುಮ್ನೆ ಹೆದರಿ ಇವನ್ನು ಕೊಲ್ಲುವುದು ಬೇಡ.

ಬಂಡೆಗಳ ಮೇಲೆ ಓಡಾಡುವಾಗ ಗಟ್ಟಿ ಚಪ್ಪಲಿ ಇರಲಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಿನಲ್ಲಿ ಕಾಲಿಡಿ. ಹೊರಗೆ ಕಾಣುವ ಮುಳ್ಳನ್ನು ಚಿಮಟದಿಂದ ತೆಗೆಯಿರಿ. ಮುಳ್ಳು ಆಳಕ್ಕೆ ಅಥವಾ ಕೀಲಿನ ಹತ್ತಿರ ಹೋಗಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.